ಅಜ್ಜಿ ತಂದ ಡಬ್ಬಿ

ಹದಿನೆಂಟು ವರ್ಷದಿಂದ ಹೊಳೆನರಸೀಪುರದ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ ರಕ್ತ, ಮಲ, ಮೂತ್ರ ಪರೀಕ್ಷೆ ಮಾಡಿಕೊಂಡಿದ್ದೇನೆ. ಇನ್ನು ಯಾವುದಕ್ಕೂ ಗಾಬರಿಯಾಗುವುದಿಲ್ಲ ಅಂದುಕೊಂಡ ಮರುದಿನವೇ ಯಾರಾದರೂ ಬಂದು ಎದೆ ಧಸಕ್ಕೆನ್ನಿಸಿ ಹೋಗುತ್ತಾರೆ. ಹೋದ ವರ್ಷ ಆ ಕೆಲಸವನ್ನು ಹಳ್ಳಿಮೈಸೂರು ಕಡೆಯ ಅಜ್ಜಿಯೊಬ್ಬರು ಗುತ್ತಿಗೆ ಹಿಡಿದಿದ್ದರು.

೧. ಬಳಪ

ಅಜ್ಜಿ ಎಂಟು ವರ್ಷದ ಮೊಮ್ಮಗಳನ್ನು ಕರೆತಂದಿದ್ದರು. ಮಗು ಬಿಳಿಚಿಕೊಂಡಿತ್ತು, ನಾಲ್ಕು ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ಹನ್ನೆರಡರ ಹತ್ತಿರ ಇರಬೇಕಾದ ಹಿಮೋಗ್ಲೋಬಿನ್ ಏಳು. ನಂಬಿಕೆಯಾಗದೆ ಇನ್ನೊಂದು ಸಲ ನೋಡಿದೆ, ಏಳೇ. ಇನ್ನೂ ಇಳಿದರೆ ಹಾಸನಕ್ಕೆ ಕರೆದೊಯ್ದು ರಕ್ತ ಹಾಕಿಸಬೇಕಾಗುತ್ತದೆ ಅಂದರು ಡಾಕ್ಟರು. ಮಗು ಮಣ್ಣುಗಿಣ್ಣು ತಿನ್ನುತ್ತದಾ ಅಂತಲೂ ಕೇಳಿದರು. ಅಜ್ಜಿಗೆ ಅವಮಾನವಾಯಿತು.

"ಮಣ್ ತಿನ್ನಾಕೆ ನಾವೇನ್ ಗತಿಗೆಟ್ಟೋರಾ ಸಾ? ಬಳಪ ತಿಂತದೆ. ಅದೂ ಅಂಗಡಿಯಿಂದ ಹೊಸಾ ಪ್ಯಾಕೇಟೇ ತಂದ್ಕೊಡ್ತೀವಿ."

೨. ಟಾನಿಕ್

ಡಾಕ್ಟರು ಕಬ್ಬಿಣದ ಟಾನಿಕ್ ಬರೆದುಕೊಟ್ಟರು. ಎರಡು ತಿಂಗಳು ಬಿಟ್ಟು ನೋಡಿದರೆ ಮತ್ತೆ ಏಳು. ಒಂದು ದಿನವೂ ತಪ್ಪಿಸಿಲ್ಲ ಅಂತ ಅಜ್ಜಿ ಮನೆದೇವರ ಮೇಲೆ ಆಣೆ ಇಟ್ಟರು. ಯಾವುದರ ಜೊತೆ ಕೊಡ್ತೀರಿ ಅಂತ ಕೇಳಿದೆ. ತುಕ್ಕಿನ ವಾಸನೆ ಅಂತ ಮಗು ಮೂತಿ ತಿರುಗಿಸುತ್ತಿತ್ತಂತೆ, ಅದಕ್ಕೇ ಲೋಟದ ತುಂಬ ಕಾಫಿಗೆ ಬೆರೆಸಿ ಕುಡಿಸುತ್ತಿದ್ದರಂತೆ. ಕಾಫಿ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ ಅಂತ ಡಾಕ್ಟರು ಅರ್ಧ ಗಂಟೆ ಬಿಡಿಸಿ ಹೇಳಿದರು. ಅಜ್ಜಿ ಎಲ್ಲವನ್ನೂ ಕೇಳಿ ತಲೆಯಾಡಿಸಿದರು.

"ಅಂಗಾದ್ರೆ ಇನ್ಮೇಲೆ ಟೀಲಿ ಕೊಡ್ತೀನಿ ಬುಡಿ ಸಾ."

೩. ಡಬ್ಬಿ

ಕಾಫಿ, ಟೀ, ಬಳಪ ಮೂರನ್ನೂ ಬಿಡಿಸಿ, ನಿಂಬೆರಸದ ಜೊತೆ ಟಾನಿಕ್ ಕೊಡಿಸಿದರೂ ರಕ್ತ ಏರಲಿಲ್ಲ. ಜಠರದಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಸೇರಿಕೊಂಡು ಕಬ್ಬಿಣಕ್ಕೆ ಅಡ್ಡ ಬರುತ್ತಿರಬಹುದು ಅಂತ ಡಾಕ್ಟರಿಗೆ ಅನುಮಾನ ಬಂತು. ಮಲ ಪರೀಕ್ಷೆಗೆ ಡಬ್ಬಿ ಕೊಟ್ಟೆ. ಅಜ್ಜಿ ತುಂಬಿಸಿ ತಂದರು. ಆ ಬ್ಯಾಕ್ಟೀರಿಯಾ ಇತ್ತು. ಮಗುವಿಗೆ ಎರಡು ವಾರ ಔಷಧಿ, ಜೊತೆಗೆ ಟಾನಿಕ್.

ಎರಡು ತಿಂಗಳ ಮೇಲೆ ಮಗು ಮೆಟ್ಟಿಲನ್ನು ಓಡಿಕೊಂಡೇ ಹತ್ತಿ ಬಂತು. ಹಿಮೋಗ್ಲೋಬಿನ್ ಹತ್ತೂವರೆ. ಆದರೆ ಅಜ್ಜಿ ತಂದ ಹೊಸ ಡಬ್ಬಿಯಲ್ಲಿ ಬ್ಯಾಕ್ಟೀರಿಯಾ ಹಾಗೇ ಇತ್ತು. ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತರು. ಇನ್ನೂ ಜೋರಿನ ಔಷಧಿ ಬರೆಯಲು ಅವರು ಪೆನ್ನು ತೆಗೆದಾಗ ಮಗು ಕಿಸಕ್ಕನೆ ನಕ್ಕಿತು.

"ಅದು ನಂದಲ್ಲ, ಅಜ್ಜೀದು."

ಹಾಗಾದರೆ ಮೊದಲನೇ ಡಬ್ಬಿ ಯಾರದು ಅಂದೆ. ಅದೂ ಅಜ್ಜಿಯದೇ.

"ಏನ್ ಮಾಡ್ಲವ್ವ, ಬಸ್ಸು ಏಳಕ್ಕೆ. ಈ ಮಗೀಗೆ ಅಷ್ಟೊತ್ಗೆ ಬರಾಕಿಲ್ಲ. ಇಬ್ರೂ ಒಂದೇ ತಟ್ಟೇಲಿ ಉಣ್ತೀವಿ, ಯಾರ್ದಾದ್ರೇನು ಅಂತ ನಂದೇ ತಂದೆ."

ಅವತ್ತು ಮಧ್ಯಾಹ್ನದವರೆಗೆ ಮಗುವನ್ನು ಕ್ಲಿನಿಕ್ಕಿನಲ್ಲೇ ಕೂರಿಸಿಕೊಂಡು, ಅದರದ್ದನ್ನೇ ಪರೀಕ್ಷೆ ಮಾಡಿದೆ. ಆ ಬ್ಯಾಕ್ಟೀರಿಯಾ ಇರಲಿಲ್ಲ. ರಿಪೋರ್ಟನ್ನು ನಾನೇ ಓಡಿಕೊಂಡು ಹೋಗಿ ಡಾಕ್ಟರ ಕೈಗೆ ಕೊಟ್ಟೆ.

ಇನ್ನು ಅಜ್ಜಿಯ ಸರದಿ. ಅವರಿಗೆ ವಾಸಿಯಾಗದಿದ್ದರೆ ಮಗುವಿಗೆ ಮತ್ತೆ ಅಂಟಬಹುದು ಅಂತ ಹೇಳಿ ಡಾಕ್ಟರು ದೊಡ್ಡವರ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಔಷಧಿ ಮುಗಿದು ಒಂದು ತಿಂಗಳಾದ ಮೇಲೆ ನಿಮ್ಮ ಡಬ್ಬಿ ತರಬೇಕು ಅಂತ ಒತ್ತಿ ಒತ್ತಿ ಹೇಳಿದರು.

ಅಜ್ಜಿ ಖಾಲಿ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೊಮ್ಮಗಳ ತಲೆ ಸವರಿದರು.

"ನಂದ್ಯಾಕ್ ಸಾ? ಈಗ ಇವಳ್ದು ಚೆನ್ನಾಗದಲ್ಲ, ಈ ಸಲ ಇವಳೇ ಕೊಡ್ತಾಳೆ ಬುಡಿ."