ದೊಡ್ಡಮ್ಮ ಹೊತ್ತೊಯ್ದ ಚೆನ್ನೆಮಣೆ

ನನ್ನ ದೊಡ್ಡಮ್ಮನನ್ನು ಕಳ್ಳಿ ಎಂದರೆ ಕಳ್ಳರಿಗೆ ಅವಮಾನ. ಕಳ್ಳರಿಗೆ ನಾಚಿಕೆ ಎಂಬುದೊಂದಿರುತ್ತದೆ. ಮನೆಯವರು ಇಲ್ಲದ ಹೊತ್ತು ನೋಡಿ ಬರುತ್ತಾರೆ. ದೊಡ್ಡಮ್ಮ ಸರಿಯಾಗಿ ಮಧ್ಯಾಹ್ನದ ಊಟಕ್ಕೆ ಬರುತ್ತಾರೆ, ಎರಡು ಸಲ ಸಾರು ಹಾಕಿಸಿಕೊಳ್ಳುತ್ತಾರೆ, ಅಟ್ಟ ಹತ್ತುತ್ತಾರೆ, ಇಳಿಯುವಾಗ ಏನಾದರೊಂದನ್ನು ಹಿಡಿದುಕೊಂಡೇ ಇಳಿಯುತ್ತಾರೆ. ಅದನ್ನು ಬಸ್‌ಸ್ಟ್ಯಾಂಡಿನವರೆಗೆ ಹೊರುವವನು ಯಾರು? ನಾನೇ! ಸ್ವಂತ ಮನೆಯ ಮಾಲನ್ನು ಸ್ವಂತ ಹೆಗಲ ಮೇಲೆ ಸಾಗಿಸುವ ಭಾಗ್ಯ ಇಡೀ ಕಾಪುವಿನಲ್ಲಿ ಇನ್ನಾರಿಗಿದೆಯೋ ಗೊತ್ತಿಲ್ಲ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಟೀಚರ್ ಕೆಲಸದಿಂದ ನಿವೃತ್ತರಾದದ್ದೇ ತಡ, ಕಾರ್ಕಳದ ಪಕ್ಕ ಕುಕ್ಕುಂದೂರಿನಲ್ಲಿರುವ ತಮ್ಮ ಮನೆಯನ್ನು ಮ್ಯೂಸಿಯಂ ಮಾಡಿಬಿಟ್ಟರು. ಚಾವಡಿಯಲ್ಲಿ ನೇಗಿಲು, ನೊಗ, ಭತ್ತ ಬಡಿಯುವ ಪಡಿಮಂಚ. ಮಲಗುವ ಕೋಣೆಯಲ್ಲಿ ತಗಡಿನ ರೈಲು, ಕಣ್ಣು ಕಿತ್ತುಹೋದ ಗೊಂಬೆಗಳು. ಅಡುಗೆಮನೆಯ ಗೋಡೆ ತುಂಬ ಬೀಡಿ, ಸೋಡಾ, ಕೊಡೆಗಳ ಹಳೇ ಜಾಹೀರಾತು. ಅಲ್ಲಿ ಸಕ್ಕರೆ ಡಬ್ಬಿ ಸಿಗಬೇಕಾದರೆ ಮೊದಲು ಬೆಂಕಿಪೊಟ್ಟಣದ ಲೇಬಲ್ಲುಗಳ ಆಲ್ಬಮ್ಮನ್ನು ಸರಿಸಬೇಕು.

ಒಮ್ಮೆ ನಮ್ಮ ಗೋಡೆಯ ಮೇಲಿದ್ದ ಬಟ್ಟೆ ಅಂಗಡಿಯ ಕ್ಯಾಲೆಂಡರಿನ ಮೇಲೆ ಅವರ ಕಣ್ಣು ಬಿತ್ತು.

"ಅದು ಈ ವರ್ಷದ್ದು ದೊಡ್ಡಮ್ಮ," ಎಂದೆ, ಎದುರಿಗೆ ಅಡ್ಡ ನಿಂತು.

"ಅದಕ್ಕೆಂತ, ಹಳತಾಗುತ್ತದೆ. ಡಿಸೆಂಬರ್‌ವರೆಗೆ ನಿಮ್ಮಲ್ಲಿರಲಿ," ಎಂದು ಅದರ ಹಿಂದೆ ಪೆನ್ನಿನಲ್ಲಿ ತಮ್ಮ ಹೆಸರು ಬರೆದು ಹೋದರು! ಆ ವರ್ಷವಿಡೀ ಏಕಾದಶಿ ಯಾವತ್ತು ಎಂದು ನಾವು ನೋಡಿದ್ದು ಅವರ ಕ್ಯಾಲೆಂಡರಿನಲ್ಲಿ.

ನಿಟ್ಟೆಯ ಎಂಜಿನಿಯರಿಂಗ್ ಕಾಲೇಜು ಹಾಸ್ಟೆಲಿನ ಹನ್ನೆರಡು ಮಕ್ಕಳು ಒಮ್ಮೆ ಮ್ಯೂಸಿಯಂ ನೋಡಲು ಬಂದಿದ್ದರಂತೆ. ಒಬ್ಬಳು ಅಕ್ಕಿ ಗೇರುವ ಮೊರ, ನಮ್ಮ ಕಡೆಯ ಗೆರಸೆಯನ್ನು ತೋರಿಸಿ, "ಇದು ಹಣ್ಣಿಡುವ ತಟ್ಟೆಯಾ ಆಂಟಿ?" ಎಂದು ಕೇಳಿದಳಂತೆ. ಮುಗಿಯಿತು. ಹನ್ನೆರಡು ಜನರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಅಕ್ಕಿ ಗೇರಿಸಿದರು. ಎಂಜಿನಿಯರ್ ಆಗಲಿರುವ ಮಕ್ಕಳು ಅರ್ಧ ಅಕ್ಕಿಯನ್ನು ನೆಲಕ್ಕೂ ಉಳಿದರ್ಧವನ್ನು ತಲೆಗೂ ಹಾಕಿಕೊಂಡು ಮದುಮಕ್ಕಳ ಹಾಗೆ ಹಾಸ್ಟೆಲಿಗೆ ಮರಳಿದರು.

ಇದನ್ನೆಲ್ಲ ಸಹಿಸಿದೆ. ಚೆನ್ನೆಮಣೆಯ ವಿಷಯದಲ್ಲಿ ಮಾತ್ರ ನನ್ನ ಸಹನೆಯ ಕಟ್ಟೆಯೊಡೆಯಿತು.

ಅದು ನನ್ನ ಅಜ್ಜಿಯ ಮಣೆ. ಹಲಸಿನ ಮರದ್ದು, ಈಚೆ ಏಳು ಗುಳಿ, ಆಚೆ ಏಳು ಗುಳಿ. ಗುಳಿಗೆ ನಾಲ್ಕರಂತೆ ಕೆಂಪು ಮಂಜಟ್ಟಿ ಕಾಳು ತುಂಬಿ ಇಬ್ಬರು ಎದುರುಬದುರು ಕುಳಿತು ಆಡುವುದು. ಆದರೆ ಅಕ್ಕತಂಗಿಯರು ಎದುರುಬದುರು ಕೂರಬಾರದು, ಕೂತರೆ ಮನೆ ಒಡೆಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹಾಗಾಗಿ ಅಜ್ಜಿಯ ಎದುರು ಕೂರುವ ಜಾಗ ಕಿರಿಯವಳಾದ ಅಮ್ಮನಿಗೆ. ಒಲೆಯ ಎದುರು ಕೂರುವ ಜಾಗ ಹಿರಿಯವಳಾದ ದೊಡ್ಡಮ್ಮನಿಗೆ. ಅಜ್ಜಿ ಮಣೆಯನ್ನು ಕೊಟ್ಟು ಹೋದದ್ದೂ ಅಮ್ಮನಿಗೇ. ಕಳೆದ ವರ್ಷ ದೊಡ್ಡಮ್ಮ ಅದನ್ನು ಅಟ್ಟದಿಂದಿಳಿಸಿ, ಒಂದು ಮಾತನ್ನೂ ಕೇಳದೆ ಚೀಲಕ್ಕೆ ಹಾಕಿಕೊಂಡರು. ಅಮ್ಮನೂ ತಡೆಯಲಿಲ್ಲ.

ಈ ವರ್ಷ ಅಮ್ಮನಿಗೆ ಸ್ಟ್ರೋಕ್ ಆಯಿತು. ಮಣಿಪಾಲದ ಆಸ್ಪತ್ರೆಯಿಂದ ಮನೆಗೆ ಬಂದಾಗ ತಾನೇ ನಡೆಯುತ್ತಿದ್ದಳು, ಆದರೆ ಬಲಗೈ ಬೆರಳುಗಳು ಮಾತು ಕೇಳಲಿಲ್ಲ. "ಸಣ್ಣ ಸಣ್ಣ ವಸ್ತು ಹೆಕ್ಕಿ ಇಡುತ್ತಾ ಇರಬೇಕು ಅಮ್ಮ. ಈಗ ಬಿಟ್ಟರೆ ಆಮೇಲೆ ಬೆರಳು ತಿರುಗುವುದು ಕಷ್ಟ," ಎಂದಳು ಫಿಸಿಯೋಥೆರಪಿಯ ಹುಡುಗಿ. ನಾನು ತಟ್ಟೆಯಲ್ಲಿ ಹೆಸರುಕಾಳು ಹರವಿ ಮುಂದಿಟ್ಟೆ. ಅಮ್ಮ ಎಡಗೈಯಿಂದ ತಟ್ಟೆಯನ್ನೇ ತಳ್ಳಿದಳು.

"ಕಾಳು ಹೆಕ್ಕಲಿಕ್ಕೆ ನಾನೆಂತ ಕೋಳಿಯಾ? ನನ್ನ ಚೆನ್ನೆಮಣೆ ತಾ."

ಕುಕ್ಕುಂದೂರಿಗೆ ಫೋನ್ ಮಾಡಿದೆ.

"ಮ್ಯೂಸಿಯಮ್ಮಿಗೆ ಬಂದದ್ದು ಹೊರಗೆ ಹೋಗುವ ಕ್ರಮ ಇಲ್ಲ ಮಾರಾಯ."

"ಅದು ನಮ್ಮದೇ ಅಲ್ವಾ ದೊಡ್ಡಮ್ಮ?"

"ಕೊಟ್ಟವರೆಲ್ಲ ವಾಪಸ್ ಕೇಳಿದರೆ ಇದು ಮ್ಯೂಸಿಯಂ ಅಲ್ಲ, ಬಾಡಿಗೆ ಪಾತ್ರೆಯ ಅಂಗಡಿ. ಇಡು ಫೋನು."

ಕೊಟ್ಟವರಂತೆ! ಕೊಟ್ಟವರು ಯಾರು? ನನಗೆ ಪಿತ್ತ ನೆತ್ತಿಗೇರಿತು. ಒಡಹುಟ್ಟಿದವಳ ಕೈಗಿಂತ ಒಂದು ಮರದ ತುಂಡು ಹೆಚ್ಚಾಯಿತೇ? ನಾಳೆ ಬೆಳಿಗ್ಗೆಯೇ ಹೋಗಿ ಆ ಪಡಿಮಂಚದ ಮೇಲೆ ನಿಂತು ನಾಲ್ಕು ಮಾತು ಆಡಿಯೇ ಬರುತ್ತೇನೆ ಎಂದು ಹೆಂಡತಿಯ ಮುಂದೆ ಶಪಥ ಮಾಡಿದೆ.

ಮರುದಿನ ನಾನು ಶರ್ಟಿನ ಗುಂಡಿ ಹಾಕುತ್ತಿರುವಾಗಲೇ ಗೇಟು ಸದ್ದಾಯಿತು. ಮೊದಲ ಬಸ್ಸು ಹಿಡಿದು, ಪಡುಬಿದ್ರೆಯಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ದೊಡ್ಡಮ್ಮ ಬಂದಿದ್ದರು. ಕಂಕುಳಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಚೆನ್ನೆಮಣೆ.

"ಹೊರಗೆ ಹೋಗುವ ಕ್ರಮ ಇಲ್ಲ ಅಂದಿರಿ?" ಎಂದೆ.

"ಒಂಟಿಯಾಗಿ ಹೋಗುವ ಕ್ರಮ ಇಲ್ಲ. ಜೊತೆಗೆ ಜನ ಬರಬೇಕು," ಎನ್ನುತ್ತಾ ಅಮ್ಮನ ಮಂಚಕ್ಕೆ ಹತ್ತಿ, ಮಣೆಯನ್ನೂ ಕಾಳನ್ನೂ ನಡುವೆ ಇಟ್ಟು ಎದುರಿಗೇ ಕುಳಿತರು. ಅಮ್ಮ ಕೈ ಹಿಂದಕ್ಕೆಳೆದುಕೊಂಡಳು.

"ಅಕ್ಕಾ, ನಾವಿಬ್ಬರು ಆಡಬಾರದು."

"ನಾನು ಅಕ್ಕನಾಗಿ ಬಂದದ್ದಲ್ಲ ಮಾರಾಯ್ತಿ, ಮ್ಯೂಸಿಯಮ್ಮಿನವಳಾಗಿ ಬಂದದ್ದು. ಹಾಕು."

ಅಮ್ಮ ಒಂದು ಕಾಳು ಹಿಡಿಯಲು ಹೊರಟಳು. ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ನನಗೆ ನೋಡಲಾಗದೆ ಕೈ ಮುಂದೆ ಮಾಡಿದೆ. ದೊಡ್ಡಮ್ಮ ಕಣ್ಣಲ್ಲೇ ಗದರಿಸಿದರು. ಬಸ್ಸು ಎರಡು ನಿಮಿಷ ತಡವಾದರೆ ಕಂಡಕ್ಟರನ ಜನ್ಮ ಜಾಲಾಡುವ ಹೆಂಗಸು, ನಾಲ್ಕು ಕಾಳು ನಾಲ್ಕು ಗುಳಿ ಸೇರುವವರೆಗೆ ಮಾತಿಲ್ಲದೆ ಕಾದರು.

ವಾರಕ್ಕೆ ಮೂರು ದಿನ ಹೀಗೇ ಬಂದರು. ಮಣೆಯನ್ನು ಇಲ್ಲೇ ಬಿಟ್ಟು ಹೋಗಿ ಎಂದರೆ ಕೇಳಲಿಲ್ಲ. ಹೊತ್ತು ತಂದರು, ಹೊತ್ತು ಒಯ್ದರು. ಪ್ರತಿ ಆಟವನ್ನೂ ಅಮ್ಮನೇ ಗೆದ್ದಳು. ತಂಗಿಯ ಸಮಾಧಾನಕ್ಕೆ ದೊಡ್ಡಮ್ಮ ಬೇಕೆಂದೇ ಸೋಲುತ್ತಿದ್ದಾರೆ ಎಂದುಕೊಂಡಿದ್ದೆ. ಮೂರನೇ ವಾರ ಅಮ್ಮನಿಗೇ ರೇಗಿತು.

"ಎಂತ ಅಕ್ಕಾ, ಎಲ್ಲಿಂದ ಹಾಕುವುದು ಅಂತಲೂ ಗೊತ್ತಿಲ್ಲವಾ ನಿನಗೆ?"

ದೊಡ್ಡಮ್ಮ ಮಣೆಯನ್ನೇ ನೋಡುತ್ತಾ ಹೇಳಿದರು: "ನನಗೆ ಯಾರು ಕಲಿಸಿದ್ದಾರೆ?"

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಆ ಕ್ಷಣ ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು. ಅಮ್ಮ ಬಲಗೈಯನ್ನು ಚಾಚಿ, ಅಕ್ಕನ ಬೆರಳುಗಳನ್ನು ಹಿಡಿದು, ಮೂಲೆಯ ಗುಳಿಯ ಮೇಲೆ ಇಟ್ಟಳು.

"ಇಲ್ಲಿಂದ ತೆಗಿ ಅಕ್ಕಾ. ಒಂದೊಂದೇ ಹಾಕುತ್ತಾ ಬಾ."