ಮಾವನ ಕೆಂಪು ದಂಟಿನ ಬಸಳೆ

ನಮ್ಮ ಮಾವನ ಕೈಯಿಂದ ಒಂದು ಕಟ್ಟು ಬಸಳೆ ಕೊಳ್ಳುವುದಕ್ಕಿಂತ ಪಾಸ್‌ಪೋರ್ಟ್ ಮಾಡಿಸಿಕೊಳ್ಳುವುದು ಸುಲಭವಾಗಿತ್ತು! ನಂಬುವುದಿಲ್ಲವೇ? ಉರ್ವದ ಮಾರ್ಕೆಟಿನಲ್ಲಿ ವಿಚಾರಿಸಿ ನೋಡಿ. ಅವರ ಬುಟ್ಟಿಯ ಮುಂದೆ ನಿಂತು ಬರಿಗೈಯಲ್ಲಿ ಮನೆಗೆ ಹೋದವರು ಅಲ್ಲಿ ಈಗಲೂ ಬೇಕಾದಷ್ಟು ಸಿಗುತ್ತಾರೆ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಮದುವೆಯಾಗಿರಲಿಲ್ಲ. ಬೋಳಾರದಲ್ಲಿ ಹೊಳೆಯ ಹತ್ತಿರ, ಮೂರು ಕಡೆ ಫ್ಲ್ಯಾಟುಗಳು ಎದ್ದು ನಿಂತ ಮೇಲೂ ಹೇಗೋ ಉಳಿದುಕೊಂಡ ಅಜ್ಜಿಯ ಗದ್ದೆಯಲ್ಲಿ ತರಕಾರಿ ಬೆಳೆಯುತ್ತಿದ್ದರು. ಹರಿವೆ, ಬೆಂಡೆ, ಅಲಸಂಡೆಯನ್ನು ಯಾರು ಕೇಳಿದರೂ ಕೊಡುತ್ತಿದ್ದರು. ಬಸಳೆಗೆ ಮಾತ್ರ ಇಂಟರ್‌ವ್ಯೂ!

“ಎಂತ ಮಾಡ್ತೀರಿ ಇದನ್ನು?”

“ಬೇಳೆ ಹಾಕಿ ಸಾಂಬಾರು ಮಾಡ್ತೇನೆ.”

“ಹಾಗಾದ್ರೆ ನಿಮಗೆ ಪಾಲಕ್ ಸಾಕು. ಆ ಕಡೆ ಉಂಟು ನೋಡಿ.”

ಕಟ್ಟು ವಾಪಸ್ ಬುಟ್ಟಿಗೆ! ಹೊಳೆಯ ಮರುವಾಯಿ, ಅದೇ ಚಿಪ್ಪುಮೀನು, ಹಾಕುತ್ತೇನೆ ಎಂದವರಿಗೆ ಮಾತ್ರ ಇನ್ನೊಂದು ಹಿಡಿ ಪುಕ್ಕಟೆ. ಸಸ್ಯಾಹಾರಿಗಳ ಮೇಲೆ ದ್ವೇಷವೇನೂ ಇರಲಿಲ್ಲ. ಹಲಸಿನ ಬೀಜ ಎಂದರೆ ಅವರೂ ಪಾಸು.

ಇಷ್ಟು ಬಿಂಕ ಯಾಕೆ ಅಂತೀರಾ? ಈ ಬಸಳೆ ಅಜ್ಜಿಯ ಅಮ್ಮ ನೆಟ್ಟದ್ದು. ದಂಟು ಕೆಂಪು. ಅದರದ್ದೇ ದಂಟು ಕತ್ತರಿಸಿ ವರ್ಷ ವರ್ಷವೂ ಹೊಸದಾಗಿ ಚಪ್ಪರಕ್ಕೆ ಹಬ್ಬಿಸಿದ್ದು. ಪೇಟೆಯ ಹಸಿರು ದಂಟಿನದ್ದನ್ನು ಮಾವ ಬಸಳೆ ಎಂದೇ ಒಪ್ಪುತ್ತಿರಲಿಲ್ಲ. ಒಂದು ಮದುವೆ ಊಟದಲ್ಲಿ ಒಂದೇ ತುತ್ತು ಬಾಯಿಗಿಟ್ಟು, ಬಡಿಸುವವರನ್ನು ತಡೆದು ನಿಲ್ಲಿಸಿ, “ಇದು ಟ್ಯಾಂಕರ್ ನೀರು ಕುಡಿದ ಬಸಳೆ ಅಲ್ವಾ?” ಎಂದು ಕೇಳಿದ್ದರು. ಪಕ್ಕದಲ್ಲೇ ಕೂತಿದ್ದ ನಾನು, ಇವರು ಯಾರೋ ಗೊತ್ತೇ ಇಲ್ಲ ಎಂಬಂತೆ ಉಪ್ಪಿನಕಾಯಿ ನೆಕ್ಕುತ್ತಿದ್ದೆ!

ನಮ್ಮಲ್ಲಿ ವಂಶ ಎಣಿಸುವುದು ತಾಯಿಯ ಕಡೆಯಿಂದ. ಹಾಗಾಗಿ ಮಾವನ ನಂತರ ಗದ್ದೆಗೂ ಚಪ್ಪರಕ್ಕೂ ವಾರಸುದಾರಳೆಂದು ಇದ್ದವಳು ನಾನೊಬ್ಬಳೇ, ಪಣಂಬೂರಿನ ಆಫೀಸಿನಲ್ಲಿ ಕಂಪ್ಯೂಟರ್ ಕುಟ್ಟುವವಳು! “ನಿನ್ನ ಕೈಗೆ ಕೊಡುವುದಕ್ಕಿಂತ ಆಡಿಗೆ ಕೊಡುವುದು ಒಳ್ಳೆದು ಮಾರಾಯ್ತಿ. ಆಡಿಗಾದ್ರೂ ಬಸಳೆಯ ರುಚಿ ಗೊತ್ತುಂಟು,” ಎನ್ನುತ್ತಿದ್ದರು.

ಕಳೆದ ಏಪ್ರಿಲ್‌ನಲ್ಲಿ ಎದೆನೋವು ಬಂದು ಮಾವ ಆಸ್ಪತ್ರೆ ಸೇರಿದರು. ಸ್ಟ್ರೆಚರ್ ಮೇಲೆ ಮಲಗಿಯೇ, “ಬಸಳೆಗೆ ಎರಡು ಹೊತ್ತು ನೀರು. ಮರೀಬೇಡ,” ಎಂದರು.

ನಾನು ಮರೆತೆ. ಆಸ್ಪತ್ರೆ, ಆಫೀಸು, ಔಷಧಿ ಅಂಗಡಿ ಎಂದು ಓಡಾಡುತ್ತ ಇಪ್ಪತ್ತೈದು ದಿನ ಗದ್ದೆಯ ಕಡೆ ತಲೆ ಹಾಕಲಿಲ್ಲ. ನೀರು ನಿಲ್ಲದ ಹೊಯ್ಗೆ ಮಣ್ಣು, ಏಪ್ರಿಲ್ ಬಿಸಿಲು. ಹೋಗಿ ನೋಡಿದಾಗ ಬಳ್ಳಿ ಒಣಗಿ ಚಪ್ಪರಕ್ಕೆ ಅಂಟಿಕೊಂಡಿತ್ತು. ಉಗುರಿನಿಂದ ಗೀರಿದೆ. ಬುಡದವರೆಗೂ ಹಸಿ ಇರಲಿಲ್ಲ. ಅಜ್ಜಿಯ ಅಮ್ಮನಿಂದ ಮಾವನವರೆಗೆ ಎಲ್ಲರೂ ಕಾಪಾಡಿದ್ದನ್ನು ನಾನು ಒಂದೇ ಬೇಸಿಗೆಯಲ್ಲಿ ಮುಗಿಸಿದ್ದೆ. ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ.

ಮಾವ ಕೇಳಿದಾಗಲೆಲ್ಲ, “ಚಪ್ಪರ ತುಂಬ ಉಂಟು,” ಎಂದೆ. ಒಂದು ದಿನ ಅವರು, “ಹಾಗಾದ್ರೆ ನಾಳೆ ಎರಡು ಬಳ್ಳಿ ತಾ, ನೋಡ್ತೇನೆ,” ಎಂದುಬಿಟ್ಟರು!

ಎಲ್ಲಿಂದ ತರಲಿ? ಉರ್ವದಲ್ಲಿ ಕೊಂಡೆ. ಹಸಿರು ದಂಟು! ದಂಟಿಗೆ ಪೇಪರ್ ಸುತ್ತಿ, ಎಲೆ ಮಾತ್ರ ಕಾಣುವಂತೆ ಹಿಡಿದುಕೊಂಡು ವಾರ್ಡಿಗೆ ಹೋದೆ. ಯಾರಿಗೆ ಟೋಪಿ ಹಾಕಲು ಹೊರಟಿದ್ದೇನೆ ಎಂದು ಗೊತ್ತಿದ್ದೂ!

ಮಾವ ಪೇಪರ್ ಬಿಚ್ಚಿದರು. ದಂಟಿನ ಮೇಲೆ ಬೆರಳಾಡಿಸಿದರು. ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅಷ್ಟರಲ್ಲಿ ಪಕ್ಕದ ಹಾಸಿಗೆಯವರು, “ಒಳ್ಳೆ ಬಸಳೆ ಮಾರಾಯ್ರೆ, ಎಲ್ಲಿಯದು?” ಎಂದು ಕೇಳಿದರು.

“ನಮ್ಮದೇ,” ಎಂದರು ಮಾವ. “ಅಜ್ಜಿ ಕಾಲದ್ದು. ಈಗ ಇವಳು ನೋಡಿಕೊಳ್ತಾಳೆ.”

ಆಮೇಲೆ ನನ್ನನ್ನು ಹತ್ತಿರ ಕರೆದು, ಬಳ್ಳಿಯನ್ನು ನನ್ನ ಕೈಗಿಟ್ಟು, ಮೆಲ್ಲಗೆ ಹೇಳಿದರು: “ಇದನ್ನು ಅಡಿಗೆ ಮಾಡ್ಬೇಡ. ನೆಡು. ಎರಡು ಗಂಟು ಮಣ್ಣಿನೊಳಗೆ ಹೋಗ್ಬೇಕು. ಈ ಸಲ ನೀರು ಹಾಕು ಮಗಾ.”

ಆ ಸಂಜೆಯೇ ನೆಟ್ಟೆ. ಮಾವ ಮನೆಗೆ ವಾಪಸ್ ಬರಲಿಲ್ಲ. ಬಳ್ಳಿ ಈಗ ಚಪ್ಪರ ಹತ್ತಿದೆ, ದಂಟು ಹಸಿರೇ. ಆಫೀಸಿಗೆ ಹೊರಡುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ನೀರು ಹಾಕುತ್ತಿದ್ದೇನೆ, ಮಾವ.