ನೂರಕ್ಕೆ ನಲವತ್ತು ಮಳೆ

ಹವಾಮಾನದ ಸುದ್ದಿ ದಿನಾ ಬರುತ್ತದೆ, ಹಾಗಾಗಿ ನಮ್ಮ ಕಡೆ ಇಂಥ ಪ್ರಸಂಗಗಳಿಗೂ ರಜಾ ಇಲ್ಲ. ನೆನೆದರೆ ನಗು ಬರುತ್ತದೆ, ಆಮೇಲೆ ಹೊಟ್ಟೆ ಉರಿಯುತ್ತದೆ.

ಅಲ್ಲಲ್ಲಿ

ಮಾಡದಕೆರೆಯಲ್ಲಿ ನಮ್ಮ ಬೀದಿಯ ಕುರಿಗಾರನನ್ನು ನಾನು ಮಾವ ಅನ್ನುತ್ತೇನೆ. ಒಮ್ಮೆ, ಮರುದಿನ ಅವನ ಕುರಿಗಳ ಉಣ್ಣೆ ಕತ್ತರಿಸುವವರು ಬರುವವರಿದ್ದರು. ಬೇಡವೆಂದರೆ ಅವರು ಹಿರಿಯೂರು ಕಡೆ ಹೋಗಿಬಿಡುತ್ತಾರೆ. ಕತ್ತರಿಸಿದ ಮೇಲೆ ಮಳೆ ಬಂದರೆ ಬೋಳು ಕುರಿ ಚಳಿಗೆ ಸಾಯುತ್ತದೆ. ಟಿವಿಯವರು ‘ಜಿಲ್ಲೆಯ ಅಲ್ಲಲ್ಲಿ ಮಳೆ’ ಅಂದಿದ್ದರು. ಹಾಗಂದರೇನು ಎಂದು ಕೇಳಲು ಮಾವನನ್ನು ಕರೆದುಕೊಂಡು ಹೊಸದುರ್ಗದ ತಾಲ್ಲೂಕು ಕಚೇರಿಯಲ್ಲಿ ಹವಾಮಾನದ ಸೂಚನೆ ಹಾಕಿಸುವ, ನನಗೆ ಪರಿಚಯದ ಸಾಹೇಬರ ಬಳಿ ಹೋದೆ. ಪರಿಚಯ ಅಂದರೆ, ಅವರ ಬಾಗಿಲಲ್ಲೇ ಧಿಕ್ಕಾರ ಕೂಗಿದ್ದೆ.

ಹೊಳಲ್ಕೆರೆಯಲ್ಲಿ ಬರಬಹುದು, ಚಿತ್ರದುರ್ಗದಲ್ಲಿ ಬರಬಹುದು, ನಿಮ್ಮೂರಲ್ಲೂ ಬರಬಹುದು ಎಂದು ಸಾಹೇಬರು ವಿವರಿಸಿದರು.

ಮಾವ ಕೈಮುಗಿದು ಎದ್ದ. “ಇಷ್ಟು ನಮ್ ಟಗರಿಗೂ ಗೊತ್ತೈತೆ. ಬಾರಪ್ಪ, ಹೋಗಾಣ.”

ನಲವತ್ತು, ಅರವತ್ತು

ಸಾಹೇಬರಿಗೆ ಚುರುಕು ಮುಟ್ಟಿತು. ಮೊಬೈಲ್ ತೆಗೆದು, ನಿಮ್ಮೂರಲ್ಲಿ ನಾಳೆ ಮಳೆಯ ಸಾಧ್ಯತೆ ನೂರಕ್ಕೆ ನಲವತ್ತು ಅಂದರು. ಅಂದರೆ ಊರಲ್ಲಿ ನಲವತ್ತು ಮನೆ ಮಾತ್ರ ನೆನೆಯುತ್ತವಾ ಎಂದು ರೇಗಿದೆ. ಅಲ್ಲ, ಇಂಥ ನೂರು ದಿನಗಳಲ್ಲಿ ನಲವತ್ತು ದಿನ ಮಳೆ ಬರುತ್ತೆ, ಅರವತ್ತು ದಿನ ಬರಲ್ಲ ಎಂದು ತಾಳ್ಮೆಯಿಂದ ಬಿಡಿಸಿ ಹೇಳಿದರು.

ಮಾವ ಬೆರಳು ಮಡಚಿ ಲೆಕ್ಕ ಹಾಕಿದ. “ಸರಿ ಸಾ. ನಾಳೆ ಆ ನಲವತ್ತರಾಗಿಂದೋ, ಅರವತ್ತರಾಗಿಂದೋ?”

ಸಾಹೇಬರು ಟೀ ತರಿಸಿದರು.

ನಮ್ಮ ಮಾತಲ್ಲಿ

ಹವಾಮಾನವನ್ನು ಜನರ ಮಾತಲ್ಲಿ ಹೇಳಿ ಎಂದು ನಾನು ಫ್ಲೆಕ್ಸ್ ಕಟ್ಟಿ ಧರಣಿ ಕೂತವನು. ಅದನ್ನು ಮರೆಯದ ಸಾಹೇಬರು ಕೈಗೆ ಸೀಮೆಸುಣ್ಣ ಕೊಟ್ಟು, ಹೊರಗೆ ಬೋರ್ಡ್ ಇದೆ, ನೀವೇ ಬರೆಯಿರಿ ಅಂದರು. ಬರೆದೆ, ಒರೆಸಿದೆ, ಮತ್ತೆ ಬರೆದೆ. ಕೊನೆಗೆ ಉಳಿದದ್ದು: ‘ನಾಳೆ ಮಳೆ ಬಂದರೂ ಬರಬಹುದು.’

ಮಾವ ಓದಿಸಿಕೊಂಡು ಕೇಳಿದ: “ಇದಕ್ಕೇನಪ್ಪ ನೀನು ಬಿಸಿಲಾಗೆ ಕುಂತಿದ್ದು?”

ಮೆರವಣಿಗೆ

ನಲವತ್ತಕ್ಕಿಂತ ಅರವತ್ತು ದೊಡ್ಡದು ಎಂದು ಮಾವ ಮರುದಿನ ಉಣ್ಣೆ ತೆಗೆಸಿದ. ಸಂಜೆ ಮಳೆ ಹೊಡೆಯಿತು. ನನ್ನ ಧರಣಿಯ ಫ್ಲೆಕ್ಸ್‌ಗಳನ್ನೆಲ್ಲ ಹರಿದು ಕುರಿಗಳ ಬೆನ್ನಿಗೆ ಕಟ್ಟಿದೆವು. ಆದರೂ ಒಂದು ಮುದಿ ಕುರಿ, ಎರಡು ಮರಿ ಉಳಿಯಲಿಲ್ಲ. ಸಾಹೇಬರು ಸುಳ್ಳು ಹೇಳಿದ್ದರೆ ಹೋಗಿ ಧಿಕ್ಕಾರ ಕೂಗಬಹುದಿತ್ತು. ಅವರು ಹೇಳಿದ್ದು ನಿಜವೇ ಆಗಿತ್ತು. ಆ ಸಂಕಟ ಇವತ್ತಿಗೂ ಹೋಗಿಲ್ಲ. ಮಾವ ಯಾರನ್ನೂ ಬೈಯಲಿಲ್ಲ, ನನ್ನನ್ನಾದರೂ ಬೈಯಬೇಕಿತ್ತು.

ಬೆಳಗ್ಗೆ ಇನ್ನೂ ಜಿನುಗುತ್ತಿತ್ತು. ಉಳಿದ ಕುರಿಗಳು ಹಾಗೇ ರಸ್ತೆಗೆ ಬಂದವು. ಒಂದರ ಮೇಲೆ ‘ಅಧಿಕಾರಿಗಳಿಗೆ’, ಅದರ ಹಿಂದಿನದರ ಮೇಲೆ ‘ಧಿಕ್ಕಾರ’, ಎಲ್ಲಕ್ಕಿಂತ ಮುಂದೆ ಟಗರಿನ ಬೆನ್ನ ಮೇಲೆ ಕೈಮುಗಿದ ನನ್ನ ಫೋಟೊ. ಎದುರಿಗೆ ಬಂದ ಜೀಪು ನಿಂತಿತು. ಅದೇ ಸಾಹೇಬರು ಇಳಿದು, ಈ ಮೆರವಣಿಗೆಗೆ ಅನುಮತಿ ತಗೊಂಡಿದ್ದೀರಾ ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಾವ ಅಂದ: “ತಗಂಡೀವಿ ಸಾ. ನೂರಕ್ಕೆ ನಲವತ್ತು.”